ರೇಡಿಯೇಟರ್ ಪೈಪ್ ಒಡೆದರೆ: ಮನೆಯಲ್ಲೇ ಬದಲಿಸೋದಾ, ಗ್ಯಾರೇಜಿಗೆ ಬಿಡೋದಾ?

ರೇಡಿಯೇಟರಿನ ಪೈಪ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಅಂತ ನನಗೆ ಮೂವರು ಹೇಳಿದ್ದರು. ಎರಡು ಕ್ಲಿಪ್ ಸಡಿಲ ಮಾಡು, ಹಳೇದು ಕೀಳು, ಹೊಸದು ಹಾಕು, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ತುಂಬು. ಕೇಳೋಕೆ ಅಷ್ಟೇ. ನನ್ನ ಕಾರಿನಲ್ಲಿ ಶನಿವಾರ ಮಧ್ಯಾಹ್ನ ಶುರುವಾದ ಕೆಲಸ ಮುಗಿದದ್ದು ಮಂಗಳವಾರ ಸಂಜೆ. ಅದರಲ್ಲಿ ಕೈಕೆಲಸ ಅಂತ ನಡೆದದ್ದು ಹೆಚ್ಚೆಂದರೆ ಮೂರು ಗಂಟೆ. ಉಳಿದ ಹೊತ್ತೆಲ್ಲ ಸರಿಯಾದ ಪೈಪಿಗೆ ಕಾಯುವುದರಲ್ಲಿ, ಕ್ಲಿಪ್ ಹುಡುಕಿಕೊಂಡು ಶಿರಸಿ ಪೇಟೆಗೆ ಎರಡೆರಡು ಸಲ ಹೋಗಿ ಬರುವುದರಲ್ಲಿ, ಆಮೇಲೆ ಒಳಗೆ ಗಾಳಿ ಸಿಕ್ಕಿಕೊಂಡ ಎಂಜಿನ್ ಎದುರು ನಿಂತುಕೊಳ್ಳುವುದರಲ್ಲಿ ಹೋಯಿತು. ಅದಾದ ಮೇಲೆ ಇನ್ನೂ ಎರಡು ಕಾರಿಗೆ ಇದೇ ಕೆಲಸ ಮಾಡಿದ್ದೇನೆ, ಒಂದು ಅಣ್ಣನದು, ಒಂದು ಕಾರವಾರದಲ್ಲಿರುವ ಭಾವನದು. ಮೂರೂ ಸಲ ತಲೆ ಕೆಟ್ಟದ್ದು ಬೇರೆ ಬೇರೆ ಜಾಗದಲ್ಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮೇಲಿನ ಪೈಪ್ ಆದರೆ ಮನೆಯಲ್ಲಿ ಮಾಡಿ. ಕೆಳಗಿನ ಪೈಪ್ ಆದರೆ ಗ್ಯಾರೇಜಿಗೆ ಬಿಡಿ. ಪೈಪ್ ಮಾತ್ರ ಎಲ್ಲಿ ಮಾಡಿಸಿದರೂ ನಿಮ್ಮ ಕಾರಿಗೇ ಅಚ್ಚು ಹಾಕಿದ್ದೇ ಇರಲಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪೈಪ್ ಬೇಡ. ಯಾಕೆ ಅನ್ನೋದು ಮುಂದೆ ಇದೆ.

ದಾರಿಯಲ್ಲೇ ಒಡೆದರೆ

ನನ್ನದು ಒಡೆದದ್ದು ದೇವಿಮನೆ ಘಟ್ಟದಲ್ಲಿ. ಕುಮಟಾದಿಂದ ಶಿರಸಿಗೆ ಹತ್ತುವಾಗ, ಮುಂದೆ ಒಂದು ಲೋಡ್ ಲಾರಿ, ಎರಡನೇ ಗೇರು ಬಿಟ್ಟು ಮೇಲೆ ಹೋಗೋಕೆ ಜಾಗವಿಲ್ಲ. ಮೊದಲು ಬಂದದ್ದು ವಾಸನೆ. ಬೆಲ್ಲ ಸ್ವಲ್ಪ ಸೀದ ಹಾಗೆ, ಸಿಹಿ ಸಿಹಿ. ಹೊರಗಿನಿಂದ ಬರ್ತಿದೆ ಅಂದುಕೊಂಡು ಗಾಜು ಏರಿಸಿದೆ, ಇನ್ನೂ ಜಾಸ್ತಿ ಆಯಿತು. ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿತ್ತು. ಈ ಸಿಹಿ ವಾಸನೆ ಕೂಲೆಂಟಿನದು, ಮರೆಯಬೇಡಿ. ಮುಳ್ಳು ಏರುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಕೂಲೆಂಟ್ ಪೂರ್ತಿ ಹೋಗಿಬಿಟ್ಟರೆ ಮುಳ್ಳನ್ನೂ ನಂಬೋಕಾಗಲ್ಲ, ಯಾಕೆಂದರೆ ಸೆನ್ಸರ್ ಅಳೆಯುವುದು ನೀರಿನ ಬಿಸಿ. ಅಲ್ಲಿ ನೀರೇ ಇಲ್ಲದಿದ್ದರೆ ಅದು ಸರಿಯಾಗಿ ತೋರಿಸುವುದಿಲ್ಲ.

ಆಗ ಮಾಡಬೇಕಾದ್ದು ಇಷ್ಟು. ಏಸಿ ಆಫ್. ಪಕ್ಕಕ್ಕೆ ಹಾಕಲು ಇನ್ನೂ ನೂರು ಮೀಟರ್ ಹೋಗಬೇಕಾದರೆ ಹೀಟರ್ ಪೂರ್ತಿ ಆನ್ ಮಾಡಿ, ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ, ಸೆಖೆಯಾದರೂ ಪರವಾಗಿಲ್ಲ. ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ತೆಗೆದಿಟ್ಟು ಕಾಯಿರಿ. ರೇಡಿಯೇಟರಿನ ಕ್ಯಾಪ್ ಮುಟ್ಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಸಿಯಾದ ರೇಡಿಯೇಟರ್ ಒಳಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ, ಅಂದರೆ ಸ್ಕೂಟರಿನ ಮುಂದಿನ ಟೈರಿನಲ್ಲಿರುವ ಗಾಳಿಯ ಅರ್ಧಕ್ಕಿಂತ ಜಾಸ್ತಿ, ಅದೂ ನೂರು ಡಿಗ್ರಿ ದಾಟಿದ ನೀರು. ಕ್ಯಾಪ್ ತಿರುಗಿಸಿದ ಕ್ಷಣ ಆ ನೀರೆಲ್ಲ ಕುದಿದು ಮುಖಕ್ಕೆ ಬರುತ್ತದೆ. ನಾನು ಮುಕ್ಕಾಲು ಗಂಟೆ ಕಾದೆ. ಪೈಪನ್ನು ಬರಿಗೈಯಲ್ಲಿ ಹಿಡಿಯಲು ಆಗುವಷ್ಟು ತಣ್ಣಗಾದ ಮೇಲೇ ಕ್ಯಾಪಿಗೆ ಕೈ ಹಾಕಿದ್ದು.

ಇಲ್ಲಿ ಮೂರು ತಾತ್ಕಾಲಿಕ ದಾರಿಗಳಿವೆ. ಒಂದು, ತನಗೆ ತಾನೇ ಅಂಟುವ ಸಿಲಿಕೋನ್ ಟೇಪ್. ಅದನ್ನು ಎಳೆದು ಎಳೆದು ಸುತ್ತಬೇಕು, ಪೈಪ್ ಒಣಗಿರಬೇಕು. ಎರಡು, ಸೈಕಲ್ ಟ್ಯೂಬಿನ ಪಟ್ಟಿ, ಬಿಗಿಯಾಗಿ ಸುತ್ತಿ ತಂತಿಯಿಂದ ಕಟ್ಟುವುದು. ಮೂರು, ಬಿರುಕು ಪೈಪಿನ ತುದಿಯಲ್ಲೇ ಇದ್ದರೆ ಆ ಒಂದಿಂಚನ್ನು ಕೊಯ್ದು ತೆಗೆದು, ಉಳಿದ ಪೈಪನ್ನೇ ಮತ್ತೆ ಕೂರಿಸಿ ಕ್ಲಿಪ್ ಹಾಕುವುದು. ಉದ್ದ ಸಾಕಾದರೆ ಮೂರನೆಯದೇ ಎಲ್ಲಕ್ಕಿಂತ ಗಟ್ಟಿ. ನನ್ನದು ತುದಿಯಲ್ಲೇ ಒಡೆದಿತ್ತು, ಕೊಯ್ದು ಹಾಕಿ, ಬಾಟಲಿಯಲ್ಲಿದ್ದ ಕುಡಿಯುವ ನೀರು ಸುರಿದು ನಿಧಾನಕ್ಕೆ ಮನೆ ಮುಟ್ಟಿದೆ. ಎಂ-ಸೀಲ್ ಮಾತ್ರ ಹಚ್ಚಬೇಡಿ. ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಪೈಪ್ ಮೆತ್ತಗಿದ್ದು ಅಲುಗಾಡುತ್ತದೆ, ಹತ್ತು ನಿಮಿಷಕ್ಕೆ ಬಿಟ್ಟುಕೊಳ್ಳುತ್ತದೆ. ಮತ್ತೆ ಇವೆಲ್ಲ ಮನೆ ಅಥವಾ ಹತ್ತಿರದ ಗ್ಯಾರೇಜ್ ಮುಟ್ಟುವವರೆಗೆ ಮಾತ್ರ. ಟೇಪ್ ಸುತ್ತಿ ತಿಂಗಳುಗಟ್ಟಲೆ ಓಡಿಸಿದವರನ್ನು ಕಂಡಿದ್ದೇನೆ, ಒಬ್ಬರಿಗೆ ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಎರಡು ಭಾಗದ ನಡುವಿನ ಸೀಲ್, ಹೋಯಿತು. ನೂರರ ಲೆಕ್ಕದಲ್ಲಿ ಮುಗಿಯುತ್ತಿದ್ದ ಖರ್ಚು ಸಾವಿರಗಳಿಗೆ ಹೋಯಿತು.

ಯಾರು ಮಾಡಬೇಕು

ರೇಡಿಯೇಟರಿಗೆ ಎರಡು ದೊಡ್ಡ ಪೈಪ್. ಹೆಚ್ಚಿನ ಕಾರುಗಳಲ್ಲಿ ಮೇಲಿನದು ಎಂಜಿನ್ನಿನಿಂದ ಬಿಸಿ ನೀರನ್ನು ರೇಡಿಯೇಟರಿಗೆ ತರುತ್ತದೆ. ಕೆಳಗಿನದು ತಣಿದ ನೀರನ್ನು ವಾಟರ್ ಪಂಪಿಗೆ ಒಯ್ಯುತ್ತದೆ. ನೋಡಲು ಅಣ್ಣ ತಮ್ಮನ ಹಾಗೆ ಇದ್ದರೂ ಬದಲಿಸುವಾಗ ಎರಡೂ ಬೇರೆ ಬೇರೆ ಕೆಲಸ.

ಮೇಲಿನದು ಬಾನೆಟ್ ಎತ್ತಿದರೆ ಕಾಣುತ್ತದೆ, ನಿಂತುಕೊಂಡೇ ಮಾಡಬಹುದು. ಒಂದೂವರೆ ಲೀಟರಿನಷ್ಟು ಕೂಲೆಂಟ್ ಇಳಿಸಿದರೆ ಸಾಕು, ಪೂರ್ತಿ ಖಾಲಿ ಮಾಡಬೇಕಿಲ್ಲ. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಬೇಕಾಗುತ್ತದೆ, ಅಷ್ಟೇ. ಒಂದು ಸ್ಕ್ರೂ ಡ್ರೈವರ್, ಒಂದು ದೊಡ್ಡ ಇಕ್ಕಳ, ಒಂದು ಚೂರಿ, ಒಂದು ಅಗಲ ಬೋಗುಣಿ.

ಕೆಳಗಿನದಕ್ಕೆ ಕಾರಿನ ಅಡಿಗೆ ಹೋಗಬೇಕು. ಮೊದಲು ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಬೇಕು, ಅದರ ಅರ್ಧ ಕ್ಲಿಪ್ ಮುರಿಯುತ್ತವೆ. ಪೈಪ್ ಎಳೆದ ಕೂಡಲೇ ಇಡೀ ರೇಡಿಯೇಟರಿನ ನೀರು ತೋಳಿನ ಮೇಲೆ ಇಳಿಯುತ್ತದೆ. ನಮ್ಮ ಮನೆಗಳ ಅಂಗಳ ಬೇರೆ, ಕೆಂಪು ಮಣ್ಣಿನದು, ಇಲ್ಲವೇ ಸೆಗಣಿ ಸಾರಿಸಿದ್ದು, ಎಲ್ಲೋ ಒಂದು ಕಡೆ ಇಳಿಜಾರು. ಅಂಥ ನೆಲದಲ್ಲಿ ಬರೀ ಜ್ಯಾಕ್ ಮೇಲೆ ಕಾರು ಎತ್ತಿ ಅಡಿಗೆ ಮಲಗುವುದು ಜೀವಕ್ಕೆ ಅಪಾಯ. ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡ್ ಇಲ್ಲದೆ ದಯವಿಟ್ಟು ಅಡಿಗೆ ಹೋಗಬೇಡಿ. ಗ್ಯಾರೇಜಿನಲ್ಲಿ ಲಿಫ್ಟ್ ಅಥವಾ ಗುಂಡಿ ಇರುತ್ತದೆ, ಅವರಿಗೆ ಇದು ಒಂದು ಗಂಟೆಯ ಕೆಲಸ. ಅಣ್ಣನ ಕಾರಿನ ಕೆಳಗಿನ ಪೈಪನ್ನು ನಾವಿಬ್ಬರೂ ಸೇರಿ ಮನೆಯಲ್ಲೇ ಮಾಡಿದೆವು, ಆದರೆ ಬೆಳಿಗ್ಗೆ ತಿಂಡಿ ತಿಂದು ಕೂತವರು ಎದ್ದದ್ದು ಸಂಜೆ ಐದಕ್ಕೆ. ಉಳಿದದ್ದು ಕೂಲಿಯ ದುಡ್ಡು ಮಾತ್ರ. ಇನ್ನೊಮ್ಮೆ ನಾನು ಮಾಡುವುದಿಲ್ಲ.

ಗ್ಯಾರೇಜ್ ಅಂದರೆ ಊರಿನ ಮೆಕ್ಯಾನಿಕ್ ಒಂದು, ಕಂಪನಿಯ ಸರ್ವೀಸ್ ಸೆಂಟರ್ ಇನ್ನೊಂದು. ಕಾರು ವಾರಂಟಿಯಲ್ಲಿದ್ದರೆ ಯೋಚನೆಯೇ ಬೇಡ, ಸರ್ವೀಸ್ ಸೆಂಟರಿಗೆ ಹೋಗಿ. ವಾರಂಟಿ ಮುಗಿದಿದ್ದರೆ ನಾನು ಊರಿನವರ ಕಡೆಗೇ. ಕೈ ಪಳಗಿರುತ್ತದೆ, ಎದುರಿಗೇ ನಿಂತು ನೋಡಬಹುದು, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಆದರೆ ಕಾರು ಬಿಡುವ ಮೊದಲು ಎರಡು ಮಾತು ಹೇಳಲೇಬೇಕು. ಪೈಪ್ ಇದೇ ಕಾರಿನದು ಹಾಕಿ ಅಂತ ಒಂದು, ಬರೀ ನೀರು ತುಂಬಿ ಕಳಿಸಬೇಡಿ, ಕೂಲೆಂಟ್ ಹಾಕಿ ಅಂತ ಇನ್ನೊಂದು. ಹೇಳದಿದ್ದರೆ ಅಂಗಡಿಯಲ್ಲಿ ಆ ಹೊತ್ತಿಗೆ ಏನಿದೆಯೋ ಅದು ಬೀಳುತ್ತದೆ. ಅಣ್ಣನ ಕಾರಿಗೆ ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ನಲ್ಲಿ ನೀರು ಮಾತ್ರ ಹಾಕಿದ್ದರು. ಒಂದೂವರೆ ವರ್ಷದ ನಂತರ ನಾವು ಬಿಚ್ಚಿದಾಗ ಒಳಗಿಂದ ಬಂದದ್ದು ಕೆಮ್ಮಣ್ಣು ಕಲಸಿದ ಹಾಗಿನ ನೀರು, ಎಲ್ಲ ತುಕ್ಕು.

ಪೈಪ್ ಯಾವುದು

ನನ್ನ ನಾಲ್ಕು ದಿನದಲ್ಲಿ ಎರಡು ದಿನ ತಿಂದದ್ದು ಇದೇ. ಕಾರಿನ ಹೆಸರು, ವರ್ಷ ಹೇಳಿ ಅಂಗಡಿಯಲ್ಲಿ ಕೇಳಿದೆ, ಕೊಟ್ಟರು, ಮನೆಗೆ ತಂದು ಹಿಡಿದು ನೋಡಿದರೆ ಬಾಗು ಉಲ್ಟಾ. ಅದೇ ಹೆಸರಿನ ಡೀಸೆಲ್ ಕಾರಿನದು. ವಾಪಸ್ ಹೋದಾಗ ಅಂಗಡಿಯವರು ಹೇಳಿದರು, ‘ಮಾರಾಯ್ರೇ, ಹಳೇದು ಕೈಯಲ್ಲಿ ಹಿಡ್ಕೊಂಡೇ ಬರಬೇಕಾಗಿತ್ತಲ್ಲ, ಹೆಸರಲ್ಲಿ ಎಂತ ಗೊತ್ತಾಗ್ತದೆ?’ ಸರಿಯಾದ ಮಾತು. ಹಳೇ ಪೈಪನ್ನು ಒರೆಸಿ ನೋಡಿದರೆ ಬಿಳಿ ಅಕ್ಷರದಲ್ಲಿ ಒಂದು ನಂಬರ್ ಇತ್ತು, ಅರ್ಧ ಅಳಿಸಿತ್ತು. ಅದನ್ನು ಓದಿ ಹುಬ್ಬಳ್ಳಿಗೆ ಫೋನ್ ಮಾಡಿಸಿದರು, ಮರುದಿನ ಬಸ್ಸಿನಲ್ಲಿ ಬಂತು. ಶಿರಸಿ, ಕುಮಟಾ, ಕಾರವಾರ ಎಲ್ಲಿದ್ದರೂ ಹಳೇ ಕಾರಿನ ಸಾಮಾನಿಗೆ ಈ ಬಸ್ಸಿನ ಕಾಯುವಿಕೆ ಇದ್ದದ್ದೇ. ಅದಕ್ಕೇ ಪೈಪ್ ಕೈಗೆ ಬರುವ ಮೊದಲು ಹಳೇದನ್ನು ಕೀಳಬೇಡಿ. ಹಳೇದರ ಬದಲು ಅದರ ಫೋಟೋ ತೆಗೆದುಕೊಂಡು ಹೋಗಿ, ಎರಡೂ ತುದಿಯ ಅಳತೆ ಬರೆದುಕೊಳ್ಳಿ, ಚಾಸಿ ನಂಬರ್ ಕೊಡಿ. ಕೆಲವು ಕಾರಿನಲ್ಲಿ ಎರಡು ತುದಿಗೆ ಎರಡು ಅಳತೆ ಇರುತ್ತದೆ, ಅದನ್ನೂ ನೋಡಿ.

ಈಗ ಹೋಲಿಕೆ. ಕಂಪನಿಯ ಪೈಪ್ ಮತ್ತು ಬೇರೆಯವರು ಅದೇ ಅಚ್ಚಿನಲ್ಲಿ ಮಾಡಿದ ಪೈಪ್, ಇವೆರಡರ ನಡುವೆ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ, ಬ್ರಾಂಡ್ ಪರಿಚಯದ್ದಾಗಿದ್ದರೆ ಎರಡನೆಯದೂ ಆದೀತು. ಎರಡೂ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರಿನವು, ನಡುವೆ ದಾರದ ನೇಯ್ಗೆ ಇರುತ್ತದೆ. ಕೊಳ್ಳುವಾಗ ತುದಿಯನ್ನು ನೋಡಿ, ಕೊಯ್ದ ಜಾಗದಲ್ಲಿ ಆ ದಾರ ಸುತ್ತಲೂ ಒಂದೇ ಸಮನಾಗಿ ಕಾಣಬೇಕು. ಒಂದು ಕಡೆ ರಬ್ಬರ್ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಅದು ಬೇಡ.

ಮೀಟರ್ ಲೆಕ್ಕದ ನೇರ ಪೈಪ್ ಅಗ್ಗ, ತಕ್ಷಣ ಸಿಗುತ್ತದೆ. ತೊಂದರೆ ಏನೆಂದರೆ ಬಾಗಿಸಿದ ಕಡೆ ಅದು ಮಡಚಿಕೊಳ್ಳುತ್ತದೆ. ಗದ್ದೆಗೆ ನೀರು ಬಿಡುವ ಪೈಪ್ ಮಡಚಿದರೆ ನೀರು ನಿಲ್ಲೋದಿಲ್ವಾ, ಅದೇ ಕಥೆ. ತಣ್ಣಗಿದ್ದಾಗ ಸರಿ ಇದ್ದ ಹಾಗೆ ಕಂಡು, ಬಿಸಿಯಾಗಿ ಮೆತ್ತಗಾದ ಮೇಲೆ ಮಡಚುತ್ತದೆ. ಸುಕ್ಕು ಸುಕ್ಕಾದ, ಬೇಕಾದ ಹಾಗೆ ಬಾಗುವ ಪೈಪೂ ಸಿಗುತ್ತದೆ. ಅದು ಮಡಚುವುದಿಲ್ಲ, ಆದರೆ ಗಟ್ಟಿ ಇರುವುದರಿಂದ ಎಂಜಿನ್ ಅಲುಗಿದಾಗ ರೇಡಿಯೇಟರಿನಲ್ಲಿ ಪೈಪ್ ಕೂರುವ ಪ್ಲಾಸ್ಟಿಕ್ ಕುತ್ತಿಗೆಯನ್ನು ಎಳೆಯುತ್ತಾ ಇರುತ್ತದೆ. ಎರಡು ದಿನದ ಮಟ್ಟಿಗೆ ಹಾಕಿದರೆ ತಪ್ಪಿಲ್ಲ.

ಸಿಲಿಕೋನ್ ಪೈಪ್ ನೋಡಲು ಚಂದ, ನೀಲಿ ಕೆಂಪು ಬಣ್ಣ, ಬಿಸಿಗೆ ನಿಜಕ್ಕೂ ತುಂಬಾ ವರ್ಷ ಬಾಳುತ್ತದೆ. ಆದರೆ ಬೆಲೆ ಜಾಸ್ತಿ, ಮೆತ್ತಗಿರುವುದರಿಂದ ಮಾಮೂಲಿ ಕ್ಲಿಪ್ಪಿನ ಹಲ್ಲು ಅದನ್ನು ಕೊಯ್ಯುತ್ತದೆ, ಒಳಗೆ ನಯವಾದ ಪಟ್ಟಿ ಇರುವ ಕ್ಲಿಪ್ಪೇ ಬೇಕು. ದಿನಾ ಪೇಟೆಗೆ ಹೋಗಿ ಬರುವ ಕಾರಿಗೆ ನನಗಂತೂ ಅದರ ಅಗತ್ಯ ಕಾಣಲಿಲ್ಲ.

ಇನ್ನು ಕೆಳಗಿನ ಪೈಪ್ ಕೊಳ್ಳುವವರಿಗೆ ಒಂದು ಮಾತು. ಅದನ್ನು ಪಂಪ್ ಎಳೆಯುತ್ತಿರುತ್ತದೆ, ಹಾಗಾಗಿ ಕೆಲವು ಕಾರುಗಳಲ್ಲಿ ಪೈಪ್ ಚಪ್ಪಟೆಯಾಗದ ಹಾಗೆ ಒಳಗೊಂದು ತಂತಿ ಸ್ಪ್ರಿಂಗ್ ಇಟ್ಟಿರುತ್ತಾರೆ. ಹಳೆಯದರಲ್ಲಿ ಸ್ಪ್ರಿಂಗ್ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಕೇಳಿ.

ಕೀಳುವಾಗ

ನನ್ನ ಕಾರಿನಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ. ಕ್ಲಿಪ್ ಸಡಿಲ ಮಾಡಿದೆ, ಹಿಂದೆ ಸರಿಸಿದೆ, ಪೈಪ್ ಹಿಡಿದು ಎಳೆದೆ. ಅಲ್ಲಾಡಲಿಲ್ಲ. ಹತ್ತು ವರ್ಷ ಬಿಸಿ ತಿಂದ ರಬ್ಬರ್ ಕುತ್ತಿಗೆಗೆ ಬೆಸುಗೆ ಹಾಕಿದ ಹಾಗೆ ಕೂತಿತ್ತು. ತಿರುಚಿದೆ, ತಿರುಗಲಿಲ್ಲ. ಇಕ್ಕಳ ತಂದು ಹಿಡಿದು ತಿರುಚಬೇಕು ಅಂದುಕೊಂಡೆ, ಅಷ್ಟರಲ್ಲಿ ನೋಡಲು ಬಂದಿದ್ದ ಪಕ್ಕದ ಮನೆ ಟೆಂಪೋ ಓಡಿಸುವವರು ಕೈ ಹಿಡಿದು ನಿಲ್ಲಿಸಿದರು. ‘ತಮಾ, ಪೈಪ್ ಹೋದ್ರೆ ಹೋಗ್ಲಿ, ಅದು ಹೇಗೂ ಬಿಸಾಡೋದು. ಕುತ್ತಿಗೆ ಮುರಿದ್ರೆ ರೇಡಿಯೇಟರೇ ಹೊಸದು ಬೇಕು.’

ಈಗಿನ ರೇಡಿಯೇಟರುಗಳಲ್ಲಿ ನಡುವಿನ ಜಾಲರಿ ಅಲ್ಯುಮಿನಿಯಂ, ಎರಡು ಬದಿಯ ಟ್ಯಾಂಕ್ ಪ್ಲಾಸ್ಟಿಕ್. ಪೈಪ್ ಕೂರುವ ಕುತ್ತಿಗೆಯೂ ಅದೇ ಪ್ಲಾಸ್ಟಿಕ್, ವರ್ಷ ಕಳೆದಂತೆ ಹಪ್ಪಳದ ಹಾಗೆ ಆಗಿರುತ್ತದೆ. ತಿರುಚಿದರೆ ಟಕ್ ಅಂತ ಹೋಗುತ್ತದೆ. ಅದಕ್ಕೆ ಕೊಯ್ಯುವುದೇ ದಾರಿ. ಕುತ್ತಿಗೆಯ ಉದ್ದಕ್ಕೆ ಚೂರಿಯಲ್ಲಿ ಒಂದು ಗೀಟು ಹಾಕಿ, ಒಂದೇ ಸಲಕ್ಕೆ ಆಳಕ್ಕೆ ಹೋಗಬೇಡಿ, ಎರಡು ಮೂರು ಸಲ ಮೇಲಿಂದ ಮೇಲೆ ಎಳೆಯಿರಿ. ದಾರದ ನೇಯ್ಗೆ ಕೊಯ್ದದ್ದು ಕೈಗೆ ಗೊತ್ತಾಗುತ್ತದೆ, ಕರಕರ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ಉಳಿದ ತೆಳು ರಬ್ಬರನ್ನು ಸ್ಕ್ರೂ ಡ್ರೈವರ್ ತುದಿಯಿಂದ ಹಲಸಿನ ಸೊಳೆ ಬಿಡಿಸುವ ಹಾಗೆ ಬಿಡಿಸಿ. ಚೂರಿ ಪ್ಲಾಸ್ಟಿಕ್ಕಿಗೆ ತಾಗಿ ಗೀರು ಬಿದ್ದರೆ ಅದೇ ಗೀರಿನಲ್ಲಿ ಮುಂದೆ ನೀರು ಜಿನುಗುತ್ತದೆ.

ನನ್ನ ಹಳೇ ಪೈಪನ್ನು ಬಿಡಿಸಿ ಒಳಗನ್ನು ಹೊರಗೆ ಮಾಡಿ ನೋಡಿದೆ. ಹೊರಗಡೆ ಕಪ್ಪಗೆ, ನಯವಾಗಿ, ಇನ್ನೂ ಐದು ವರ್ಷ ಬರುವ ಹಾಗಿತ್ತು. ಒಳಗಡೆ ತುದಿಯಿಂದ ಎರಡು ಇಂಚಿನವರೆಗೆ ಉದ್ದುದ್ದ ಬಿರುಕು, ಒಣಗಿದ ಅಡಿಕೆ ಸಿಪ್ಪೆಯ ಗೆರೆಗಳ ಹಾಗೆ, ಒಂದರ ಪಕ್ಕ ಒಂದು. ಪೈಪ್ ಹಾಳಾಗುವುದು ಹೀಗೇ, ಒಳಗಿನಿಂದ, ಲೋಹ ಮುಟ್ಟುವ ತುದಿಗಳ ಹತ್ತಿರ. ಹಾಗಾಗಿ ಹೊರಗಿಂದ ನೋಡಿ ಚೆನ್ನಾಗಿದೆ ಅಂತ ಹೇಳಲು ಬರುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ತುದಿಯ ಹತ್ತಿರ ಬೆರಳಿನಲ್ಲಿ ಹಿಚುಕಿ ನೋಡಬೇಕು. ಕರಕರ ಅಂದರೆ, ಸ್ಪಂಜಿನ ಹಾಗೆ ಮೆತ್ತಗೆ ಒತ್ತಿದರೆ, ನಡುಭಾಗಕ್ಕಿಂತ ತುದಿ ಬೇರೆ ಥರ ಅನ್ನಿಸಿದರೆ ಬದಲಿಸುವ ಸಮಯ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ ಹೀಗೆ ನೋಡಿ. ಮಳೆಯಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ಹೆಗ್ಗಣಗಳು ಕಚ್ಚಿದ ಗುರುತೂ ಕಾಣಬಹುದು.

ಪೈಪ್ ಹೋದ ಮೇಲೆ ಕುತ್ತಿಗೆಯ ಸುತ್ತ ಬಿಳಿ-ಹಸಿರು ಹೆಕ್ಕಳಿಕೆ ಕಟ್ಟಿರುತ್ತದೆ. ಅದನ್ನು ತೆಗೆಯದೆ ಹೊಸ ಪೈಪ್ ಹಾಕಿದರೆ ಎಷ್ಟು ಬಿಗಿದರೂ ಜಿನುಗುತ್ತದೆ. ಉಪ್ಪುಕಾಗದ ಹಾಕಿ ಉಜ್ಜುವವರಿದ್ದಾರೆ, ಲೋಹದ ಕುತ್ತಿಗೆಗೆ ನಯವಾದ ಉಪ್ಪುಕಾಗದ ಆದೀತು, ಪ್ಲಾಸ್ಟಿಕ್ಕಿಗೆ ಬೇಡ. ನಾನು ತೆಂಗಿನ ನಾರು ಒದ್ದೆ ಮಾಡಿ ಉಜ್ಜಿದೆ. ಹತ್ತು ನಿಮಿಷ ಹಿಡಿಯಿತು, ಗೀರು ಬೀಳಲಿಲ್ಲ.

ಹೊಸದನ್ನು ಕೂರಿಸುವಾಗ ಒಳಗೆ ಸ್ವಲ್ಪ ಕೂಲೆಂಟ್ ಅಥವಾ ಸೋಪಿನ ನೀರು ಸವರಿ. ಗ್ರೀಸ್, ಎಂಜಿನ್ ಆಯಿಲ್, ತೆಂಗಿನೆಣ್ಣೆ ಯಾವುದೂ ಬೇಡ. ಈ ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ, ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಗಮ್, ಸಿಲಿಕೋನ್ ಪೇಸ್ಟ್ ಕೂಡ ಬೇಕಿಲ್ಲ. ಕುತ್ತಿಗೆ ಸ್ವಚ್ಛ ಇದ್ದರೆ ಪೈಪ್ ಮತ್ತು ಕ್ಲಿಪ್ ಎರಡೇ ಸಾಕು.

ಕ್ಲಿಪ್: ಸ್ಪ್ರಿಂಗಾ, ಸ್ಕ್ರೂವಾ?

ಕಂಪನಿಯಿಂದ ಬಂದದ್ದು ಹೆಚ್ಚಾಗಿ ಸ್ಪ್ರಿಂಗ್ ಕ್ಲಿಪ್, ಎರಡು ಕಿವಿ ಹಿಚುಕಿದರೆ ಅಗಲವಾಗುವಂಥದ್ದು. ತೆಗೆಯುವಾಗ ಇದರಷ್ಟು ಕಾಡುವ ವಸ್ತು ಇನ್ನೊಂದಿಲ್ಲ, ಕಿವಿಗಳು ಯಾವಾಗಲೂ ಇಕ್ಕಳ ಹೋಗದ ಕಡೆಗೇ ಮುಖ ಮಾಡಿರುತ್ತವೆ, ಹಿಡಿದಾಗ ಜಾರಿ ಹಾರುತ್ತವೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆದರೂ ನಾನು ಅದನ್ನೇ ಮತ್ತೆ ಹಾಕುವ ಪಕ್ಷ. ಯಾಕೆಂದರೆ ಬಿಸಿಗೆ ಪೈಪ್ ಹಿಗ್ಗಿದಾಗ ಅದೂ ಹಿಗ್ಗುತ್ತದೆ, ತಣಿದು ಕುಗ್ಗಿದಾಗ ಅದೂ ಕುಗ್ಗುತ್ತದೆ, ಬಿಗಿ ಒಂದೇ ಥರ ಇರುತ್ತದೆ. ಸ್ಕ್ರೂ ಕ್ಲಿಪ್ಪಿಗೆ ಆ ಗುಣವಿಲ್ಲ. ಹೊಸ ರಬ್ಬರ್ ಕೆಲವು ದಿನದಲ್ಲಿ ಸ್ವಲ್ಪ ಕೂತುಕೊಂಡ ಮೇಲೆ ಕ್ಲಿಪ್ ಸಡಿಲವಾಗಿ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನಾಲ್ಕು ಹನಿ ನೆಲದಲ್ಲಿ ಕಾಣುತ್ತದೆ.

ಹಳೇ ಸ್ಪ್ರಿಂಗಿನ ಬಲ ಹೋಗಿದ್ದರೆ, ತುಕ್ಕು ಹಿಡಿದಿದ್ದರೆ ಮಾತು ಬೇರೆ. ಕರಾವಳಿಯವರು ಇಲ್ಲಿ ಜಾಸ್ತಿ ಗಮನ ಕೊಡಬೇಕು. ಕಾರವಾರದಲ್ಲಿ ಭಾವನ ಮನೆ ಸಮುದ್ರಕ್ಕೆ ಹತ್ತಿರ, ಕಾರು ಹೊರಗೇ ನಿಲ್ಲುವುದು. ಉಪ್ಪು ಗಾಳಿಗೆ ಅವರ ಕ್ಲಿಪ್ ಪದರ ಪದರವಾಗಿ ಏಳುತ್ತಿತ್ತು, ಇಕ್ಕಳದಲ್ಲಿ ಹಿಡಿದ ಕೂಡಲೇ ಎರಡು ತುಂಡಾಯಿತು. ಅದೇ ವಯಸ್ಸಿನ ನನ್ನ ಕಾರಿನ ಕ್ಲಿಪ್ ಶಿರಸಿಯಲ್ಲಿ ಇನ್ನೂ ಹೊಳೆಯುತ್ತಿದೆ. ಅವರಿಗೆ ನಾವು ಸ್ಟೇನ್‌ಲೆಸ್ ಸ್ಕ್ರೂ ಕ್ಲಿಪ್ ಹಾಕಿದೆವು. ಅದರಲ್ಲೂ ನೋಡಿ ತೆಗೆದುಕೊಳ್ಳಬೇಕು. ಪಟ್ಟಿ ಮಾತ್ರ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾಮೂಲಿ ಕಬ್ಬಿಣದ್ದು ಇರುವ ಕ್ಲಿಪ್ಪೇ ಅಂಗಡಿಯಲ್ಲಿ ಜಾಸ್ತಿ. ಪಟ್ಟಿಯ ಮೇಲೆ ಡಬ್ಲ್ಯೂ1 ಅಂತ ಇದ್ದರೆ ಅದು ಸತುವಿನ ಲೇಪದ ಕಬ್ಬಿಣ, ಡಬ್ಲ್ಯೂ4 ಅಂತ ಇದ್ದರೆ ಪಟ್ಟಿ, ಸ್ಕ್ರೂ ಎರಡೂ ಸ್ಟೇನ್‌ಲೆಸ್. ಏನೂ ಬರೆದಿಲ್ಲದಿದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿ. ಸ್ಕ್ರೂ ಗಟ್ಟಿಯಾಗಿ ಅಂಟಿದರೆ ಕಾರವಾರ, ಅಂಕೋಲಾ, ಹೊನ್ನಾವರದ ಕಡೆಗೆ ಅದು ಬೇಡ.

ಹಾಕುವಾಗ ಕ್ಲಿಪ್ ಕುತ್ತಿಗೆಯ ಉಬ್ಬಿನ ಒಳಬದಿಗೆ ಕೂರಬೇಕು, ಉಬ್ಬಿನ ಮೇಲೆ ಅಲ್ಲ, ಪೈಪಿನ ತುದಿಗೆ ತೀರಾ ಹತ್ತಿರವೂ ಅಲ್ಲ. ಪೈಪ್ ಹಾಕುವ ಮೊದಲೇ ಕ್ಲಿಪ್ಪನ್ನು ಪೈಪಿಗೆ ಏರಿಸಿಕೊಳ್ಳಿ, ಸ್ಕ್ರೂವಿನ ತಲೆ ಮುಂದೆ ಕೈಗೆ ಸಿಗುವ ಕಡೆ ಇರಲಿ. ಬಿಗಿಯುವಾಗ ರಬ್ಬರ್ ಕ್ಲಿಪ್ಪಿನ ಸೀಳುಗಳಲ್ಲಿ ಉಬ್ಬಿ ಬರುವಷ್ಟು ಬಿಗಿದರೆ ಜಾಸ್ತಿಯಾಯಿತು.

ನೀರಾ, ಕೂಲೆಂಟಾ?

ನಮ್ಮ ಕಡೆ ಹಿಮ ಬೀಳೋದಿಲ್ಲವಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರು ಇನ್ನೂ ಇದ್ದಾರೆ. ಅದರ ಅರ್ಧ ಕೆಲಸ ಕುದಿಯದ ಹಾಗೆ ನೋಡಿಕೊಳ್ಳುವುದು, ಇನ್ನರ್ಧ ತುಕ್ಕು ತಡೆಯುವುದು. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 1.1 ಬಾರ್ ಕ್ಯಾಪ್ ಹಾಕಿದ ರೇಡಿಯೇಟರಿನಲ್ಲಿ 125 ಡಿಗ್ರಿ ದಾಟುತ್ತದೆ. ದೇವಿಮನೆ, ಅರಬೈಲು ಘಟ್ಟಗಳನ್ನು ಬೇಸಿಗೆಯಲ್ಲಿ ಏಸಿ ಹಾಕಿ ಹತ್ತುವಾಗ ಆ ವ್ಯತ್ಯಾಸ ಬೇಕಾಗುತ್ತದೆ. ಹಾಗೇ ಕ್ಯಾಪಿನ ರಬ್ಬರ್ ವಾಷರ್ ಬಿರಿದಿದ್ದರೆ ಅದನ್ನೂ ಬದಲಿಸಿ, ಒತ್ತಡ ನಿಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಬೆರೆಸಿಯೇ ಬರುವ ಕೂಲೆಂಟ್ ಸ್ವಲ್ಪ ದುಬಾರಿ, ಗಟ್ಟಿ ಕೂಲೆಂಟ್ ತಂದು ನೀರು ಬೆರೆಸಿಕೊಂಡರೆ ಅಗ್ಗ. ಒಂದು ಪೈಪಿನ ಕೆಲಸಕ್ಕೆ ಬೆರೆಸಿದ್ದೇ ಒಳ್ಳೆಯದು ಅಂತೀನಿ, ಎರಡು ಲೀಟರ್ ಸಾಕಾಗುತ್ತದೆ. ಪೂರ್ತಿ ಖಾಲಿ ಮಾಡಿದ್ದರೆ ಸಣ್ಣ ಕಾರಿಗೆ ನಾಲ್ಕೈದು ಲೀಟರ್ ಆಸುಪಾಸು ಬೇಕು, ಆಗ ಗಟ್ಟಿಯದು ಲಾಭ. ಬೆರೆಸಲು ಬಾವಿ ನೀರು ಬೇಡ, ಅದರಲ್ಲೂ ಕರಾವಳಿಯ ಉಪ್ಪು ತಾಗಿದ ಬಾವಿ ನೀರು ಖಂಡಿತ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ, ಅಂಗಡಿಯಲ್ಲಿ ಆಸಿಡ್ ಕೊಟ್ಟಿಲ್ಲ ತಾನೇ ಅಂತ ಲೇಬಲ್ ಓದಿ. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ, ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿಗಳು ಹಾಕುವ ಬಣ್ಣ, ಒಳಗಿನ ಮದ್ದು ಬೇರೆ ಬೇರೆ ಇರಬಹುದು. ಕಾರಿನ ಪುಸ್ತಕದಲ್ಲಿ ಬರೆದದ್ದನ್ನೇ ಕೇಳಿ.

ಇಳಿಸಿದ ಹಳೇ ಕೂಲೆಂಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅದು ವಿಷ, ಮತ್ತೆ ಸಿಹಿ. ಹೆಚ್ಚಿನ ಕೂಲೆಂಟಿನಲ್ಲಿರುವುದು ಎಥಿಲೀನ್ ಗ್ಲೈಕಾಲ್. ನಾಯಿ, ಬೆಕ್ಕು, ಕರು ಯಾವುದು ನೆಕ್ಕಿದರೂ ಮೂತ್ರಪಿಂಡ ಹಾಳಾಗಿ ಸಾಯಬಹುದು. ನಾನು ಬೋಗುಣಿಯನ್ನು ಕಾರಿನ ಅಡಿಗೇ ಬಿಟ್ಟು ಊಟಕ್ಕೆ ಎದ್ದಿದ್ದೆ. ಕೈ ತೊಳೆಯುವಾಗ ಕಿಟಕಿಯಿಂದ ನೋಡಿದರೆ ಕೊಟ್ಟಿಗೆಯಿಂದ ಬಿಟ್ಟ ಕರು ಅದರ ಹತ್ತಿರ ನಿಂತು ಮೂಸುತ್ತಿದೆ. ಓಡಿ ಹೋಗಿ ಅಟ್ಟಿದೆ. ಅದು ಬಾಯಿ ಹಾಕಿರಲಿಲ್ಲ. ಬೋಗುಣಿಗೆ ಮುಚ್ಚಳ ಇರಲಿ, ನೆಲಕ್ಕೆ ಬಿದ್ದದ್ದನ್ನು ಮರಳು ಅಥವಾ ಬೂದಿ ಹಾಕಿ ಗುಡಿಸಿ ತೆಗೆಯಿರಿ. ತೋಟದ ಕಾಲುವೆಗೆ, ಬಾವಿಯ ಬದಿಗೆ ಸುರಿಯಬೇಡಿ. ಹಳೇ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಹಳೇ ಆಯಿಲ್ ಜೊತೆಗೆ ಇಡುವವರಿರುತ್ತಾರೆ.

ಗಾಳಿ ತೆಗೆಯುವುದು

ಎಲ್ಲ ಹಾಕಿ, ತುಂಬಿ, ಕ್ಯಾಪ್ ಮುಚ್ಚಿ, ಖುಷಿಯಲ್ಲಿ ಹೊರಟೆ. ಎರಡು ಕಿಲೋಮೀಟರಿಗೆ ಮುಳ್ಳು ಮತ್ತೆ ಮೇಲೆ. ಪೈಪ್ ಸೋರಿಲ್ಲ, ಕ್ಲಿಪ್ ಬಿಗಿ ಇದೆ, ರೇಡಿಯೇಟರ್ ತುಂಬಿದೆ. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಸುತ್ತ ತೆರೆಯುತ್ತದೆ, ಅಲ್ಲಿಯವರೆಗೆ ಎಂಜಿನ್ ಒಳಗಿನ ನೀರಿಗೂ ರೇಡಿಯೇಟರಿನ ನೀರಿಗೂ ನಡುವೆ ಬಾಗಿಲು ಮುಚ್ಚಿದ ಹಾಗೆ. ತಣ್ಣಗಿದ್ದಾಗ ತುಂಬಿದ್ದು ರೇಡಿಯೇಟರ್ ಮಾತ್ರ, ಎಂಜಿನ್ನಿನ ಮೇಲ್ಭಾಗದಲ್ಲಿ ಗಾಳಿ ಹಾಗೇ ಉಳಿದಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ, ನಮ್ಮ ಅಂಗಳದ ಇಳಿಜಾರು ಇಲ್ಲಿ ಉಪಕಾರಕ್ಕೆ ಬರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಬಿಸಿಗೆ ತಿರುಗಿಸಿಡಿ. ಕ್ಯಾಪ್ ತೆಗೆದಿಟ್ಟು ಎಂಜಿನ್ ಸುಮ್ನೆ ಓಡಲು ಬಿಡಿ, ಮೇಲಿನ ಪೈಪನ್ನು ಆಗಾಗ ಹಿಚುಕಿ, ಗುಳುಗುಳು ಅಂತ ಗುಳ್ಳೆ ಬರುತ್ತದೆ, ಮಟ್ಟ ಇಳಿದ ಹಾಗೆ ತುಂಬುತ್ತಾ ಹೋಗಿ. ಗಾಳಿ ಬಿಡಲು ಬೇರೆಯೇ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲಿಸಿ, ಬರೀ ನೀರು ಬರುವವರೆಗೆ. ಮೇಲಿನ ಪೈಪ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಅಂತ ಅರ್ಥ. ನೀರು ಮೇಲೆ ಉಕ್ಕಿ ಬರಲು ಶುರುವಾದರೆ ಮುಖ ದೂರ ಇಟ್ಟು, ಬಟ್ಟೆ ಹಿಡಿದು ಕ್ಯಾಪ್ ಮುಚ್ಚಿ. ರೇಡಿಯೇಟರಿನ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಹೀಟರಿನಿಂದ ಬಿಸಿ ಗಾಳಿ ಬರುತ್ತಿದ್ದರೆ ಗಾಳಿ ಹೋಗಿದೆ, ತಣ್ಣನೆ ಗಾಳಿ ಬಂದರೆ ಇನ್ನೂ ಇದೆ. ನನಗೆ ಇದು ಮೊದಲೇ ಗೊತ್ತಿದ್ದರೆ ಮಂಗಳವಾರದ ಕೆಲಸ ಸೋಮವಾರಕ್ಕೆ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ, ಕಡಿಮೆಯಾಗಿಯೇ ಇರುತ್ತದೆ, ತುಂಬಿ. ಸ್ಕ್ರೂ ಕ್ಲಿಪ್ ಹಾಕಿದ್ದರೆ ಮೂರು ನಾಲ್ಕು ದಿನದ ನಂತರ ಕಾಲು ಸುತ್ತು ಬಿಗಿ ಮಾಡಿ. ಒಂದು ವಾರ ಊರ ಸುತ್ತಮುತ್ತಲೇ ಓಡಿಸಿ, ರಾತ್ರಿ ಕಾರಿನ ಅಡಿಗೆ ಒಂದು ಹಳೇ ಪೇಪರ್ ಹಾಸಿಡಿ, ಕಲೆ ಬಿದ್ದರೆ ಬೆಳಿಗ್ಗೆ ಕಾಣುತ್ತದೆ. ಘಟ್ಟ ಇಳಿಯುವುದು ಆಮೇಲೆ.

ಹಳೇ ಪೈಪ್ ಬಿಸಾಡಬೇಡಿ. ನನ್ನದು ಕಾರಿನ ಶೆಡ್ಡಿನ ಮೊಳೆಗೆ ನೇತಾಡುತ್ತಿದೆ, ನಂಬರನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಅದರ ಪಕ್ಕದ ಮೊಳೆಯಲ್ಲಿ ಕೆಳಗಿನ ಪೈಪಿನ ಹೊಸದೊಂದು ಪ್ಯಾಕ್ ಇದೆ, ಅದನ್ನು ಹುಬ್ಬಳ್ಳಿಯಿಂದ ಈಗಲೇ ತರಿಸಿಟ್ಟುಕೊಂಡೆ. ದೀಪಾವಳಿ ಮುಗಿದ ಮೇಲೆ ಗ್ಯಾರೇಜಿಗೆ ಒಯ್ದು ಕೊಡುವುದು.